ಒಂದೇ ಬೆರಳಲ್ಲಿ ತೋರಿಸಿ ಅಂದ್ರು

14 ಮಾರ್ಚ್ 2024, ಗುರುವಾರ

ರಾತ್ರಿ ಮಗ್ಗುಲು ಬದಲಿಸೋಕೆ ಹೋದಾಗೆಲ್ಲ ಎಚ್ಚರ ಆಗ್ತಿತ್ತು, ಎಡಗಡೆ ಸೊಂಟದ ಕೆಳಗೆ ಚಳಕ್ ಅಂತ ಹಿಡ್ಕೊಳ್ಳೋದು, ಮಂಚದ ಅಂಚು ಹಿಡ್ಕೊಂಡು ಇಡೀ ಮೈನ ಒಟ್ಟಿಗೆ ಹೊರಳಿಸ್ಬೇಕು. ಹೀಗೆ ಆರು ವಾರ. ಮೊದಲು ಹೋಗಿದ್ದ ಒಂದು ಕಡೆ ಮುಟ್ಟಿ ನೋಡಿದ ಎರಡೇ ನಿಮಿಷಕ್ಕೆ ಮೂಳೆ ಜಾರಿದೆ ಅಂದುಬಿಟ್ರು, ಆ ಮಾತು ಕೇಳಿದ ಮೇಲೆ ಬಗ್ಗೋಕೂ ಹೆದರಿಕೆ ಶುರುವಾಯ್ತು.

ಇವತ್ತು ಬೇರೆ ಕೈರೋಪ್ರಾಕ್ಟರ್, ಅಂದ್ರೆ ಬೆನ್ನು, ಕೀಲುಗಳ ನೋವಿಗೆ ಕೈಯಿಂದಲೇ ಒತ್ತಿ ಚಿಕಿತ್ಸೆ ಕೊಡೋರ ಹತ್ರ ಹೋಗಿ ಬಂದೆ. ಸೊಂಟನೋವಿಗೆ ಮಾತ್ರೆಗಿಂತ ಮೊದಲು ಏನೇನು ಮಾಡಿ ನೋಡಬಹುದು ಅಂತ ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ ಅನ್ನೋ ವೈದ್ಯರ ಸಂಘ 2017ರಲ್ಲಿ ಹೇಳಿದ್ರಲ್ಲಿ ವ್ಯಾಯಾಮದ ಜೊತೆ ಈ ಕೈ ಚಿಕಿತ್ಸೆನೂ ಇದೆ, ಆ ಧೈರ್ಯದ ಮೇಲೆ ಹೋದೆ. ಹೋದ ತಕ್ಷಣ ಮಲಗಿಸಿ ಲಟಕ್ ಅನ್ನಿಸ್ತಾರೆ ಅನ್ಕೊಂಡಿದ್ದೆ, ಆದ್ರೆ ಅರ್ಧ ಗಂಟೆ ಬರೀ ಪ್ರಶ್ನೆ. ಮೂತ್ರ ಕಟ್ಟುತ್ತಾ, ಹತೋಟಿ ತಪ್ಪುತ್ತಾ, ತೊಡೆ ಸಂದಿಲಿ ಜೋಮು ಇದ್ಯಾ, ಕಾಲು ಸೋಲುತ್ತಾ, ಜ್ವರ ಇತ್ತಾ, ತೂಕ ಇಳಿದಿದ್ಯಾ, ಎಲ್ಲಾದ್ರೂ ಬಿದ್ರಾ. ಮೂತ್ರದ ತೊಂದರೆ, ಆ ಜೋಮು ಇದ್ದಿದ್ರೆ ನಾನು ಮುಟ್ತಾನೇ ಇರ್ಲಿಲ್ಲ, ಈಗ್ಲೇ ಎಮರ್ಜೆನ್ಸಿಗೆ ಕಳಿಸ್ತಿದ್ದೆ ಅಂದ್ರು. ಇದನ್ನ ಕೇಳದೆ ಸೊಂಟಕ್ಕೆ ಕೈ ಹಾಕೋರ ಹತ್ರ ದಯವಿಟ್ಟು ಹೋಗ್ಬೇಡಿ.

ಆಮೇಲೆ "ನೋವು ಎಲ್ಲಿ, ಒಂದೇ ಬೆರಳಲ್ಲಿ ತೋರಿಸಿ" ಅಂದ್ರು. ಸೊಂಟದ ಹಿಂದೆ ಎರಡು ಗುಳಿ ಇರುತ್ತಲ್ಲ, ನನ್ನ ಬೆರಳು ಎಡಗಡೆ ಗುಳಿ ಪಕ್ಕಕ್ಕೇ ಹೋಯ್ತು, ಇನ್ನೊಂದ್ಸಲ ತೋರಿಸಿ ಅಂದ್ರು, ಮತ್ತೆ ಅಲ್ಲಿಗೇ. ಅದು ಎಸ್‌ಐ (ಸ್ಯಾಕ್ರೋಇಲಿಯಾಕ್) ಜಾಯಿಂಟ್, ಬೆನ್ನುಮೂಳೆ ಬುಡದಲ್ಲಿರೋ ತ್ರಿಕಾಸ್ಥಿ ಸೊಂಟದ ಮೂಳೆ ಜೊತೆ ಕೂಡೋ ಜಾಗ. ಅದು ಅಲ್ಲಾಡೋದು ಕೆಲವೇ ಡಿಗ್ರಿ, ಆದ್ರೆ ಮೈಭಾರ ಕಾಲಿಗೆ ಇಳಿಯೋದೆಲ್ಲ ಅದರ ಮೂಲಕವೇ, ಅದಕ್ಕೇ ಮಗ್ಗುಲು ಬದಲಿಸುವಾಗ, ಕುರ್ಚಿಯಿಂದ ಏಳುವಾಗ, ಮೆಟ್ಟಿಲು ಹತ್ತುವಾಗ ಪ್ರಾಣ ಹೋದಂಗಾಗೋದು. ಬೆರಳು ತೋರಿಸಿದ್ದಷ್ಟೇ ಸಾಲಲ್ಲ ಅಂತ ಬೇರೆ ಬೇರೆ ಥರ ಒತ್ತಿ ನೋಡಿದ್ರು, ಮೂರಾದ್ರೂ ಟೆಸ್ಟಲ್ಲಿ ಅದೇ ನೋವು ಎದ್ರೆ ಮಾತ್ರ ಜಾಯಿಂಟ್ ಮೇಲೆ ಅನುಮಾನ ಗಟ್ಟಿಯಂತೆ. ಮಂಡಿ ಮಡಚಿಸಿ ತೊಡೆನ ನೆಟ್ಟಗೆ ಕೆಳಕ್ಕೆ ಒತ್ತಿದಾಗ ಕೂಗೇಬಿಟ್ಟೆ, ಒಟ್ಟು ನಾಲ್ಕರಲ್ಲಿ ಎದ್ದಿತು.

ಬಲಮಗ್ಗುಲಿಗೆ ಮಲಗಿಸಿ ಮೇಲಿನ ಕಾಲು ಮಡಚಿಸಿ, ಒಂದು ಕೈ ಭುಜದ ಮೇಲೆ ಇನ್ನೊಂದು ಆ ಗುಳಿ ಪಕ್ಕದ ಮೂಳೆ ಮೇಲೆ, ಉಸಿರು ಬಿಡಿ ಅಂದ್ರು, ಬಿಡ್ತಿದ್ದಂಗೇ ಸಣ್ಣದೊಂದು ತಳ್ಳು. ಲಟಕ್. "ಮೂಳೆ ಜಾಗಕ್ಕೆ ಕೂತ್ಕೊಳ್ತಾ ಸಾರ್?" ಅಂದೆ. "ಜಾಗ ಬಿಟ್ಟೇ ಇರ್ಲಿಲ್ಲ, ನಟಿಗೆ ಮುರಿದಾಗ ಬರೋ ಸದ್ದೇ ಇದು, ಕೀಲಿನ ದ್ರವದಲ್ಲಿ ಗುಳ್ಳೆ ಆಗುತ್ತೆ ಅಷ್ಟೆ. ಸದ್ದು ಬರ್ದಿದ್ರೂ ಚಿಂತೆ ಇಲ್ಲ" ಅಂದ್ರು. ನಂಗೆ ಆ ತಳ್ಳಿಗಿಂತ ಈ ಮಾತಿಂದಲೇ ಅರ್ಧ ಭಾರ ಇಳೀತು, ಆರು ವಾರದಿಂದ ನಾನು ನನ್ನ ಸೊಂಟನ ಒಡೆದ ಮಡಕೆ ಥರ ಹೊತ್ಕೊಂಡು ಓಡಾಡ್ತಿದ್ದೆ.

ನೋವು ಪೂರ್ತಿ ಹೋಗಿಲ್ಲ. ಎದ್ದು ನಿಂತಾಗ ಎಡಗಾಲ ಮೇಲೆ ಭಾರ ಬಿಡೋಕಾಯ್ತು, ಸಂಜೆ ಹೊತ್ತಿಗೆ ಸ್ವಲ್ಪ ವಾಪಸ್ ಬಂತು. ಈ ತಳ್ಳು ದಾರಿ ಬಿಡಿಸುತ್ತೆ ಅಷ್ಟೆ, ಹಿಡಿದು ನಿಲ್ಸೋದು ನಿಮ್ಮ ಸ್ನಾಯುಗಳೇ ಅಂತ ಬ್ರಿಡ್ಜ್ ಹೇಳ್ಕೊಟ್ಟಿದಾರೆ, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತೋದು. ಈಗ ಹತ್ತು ಸಲ ಮಾಡ್ದೆ, ಎಂಟನೇದಕ್ಕೇ ತೊಡೆ ನಡುಗ್ತು. ಮಂಡಿ ಮಧ್ಯೆ ಇಟ್ಕೊಳ್ಳೋಕೆ ದಿಂಬು ತೆಗೆದಿಟ್ಟಿದೀನಿ, ಮುಂದಿನ ಗುರುವಾರ ಮತ್ತೆ ಹೋಗ್ಬೇಕು.