ಹಡಗಿನ ಪಾರ್ಟಿಗೆ ಜೋಗ ಒಪ್ಪಿಕೊಳ್ಳಬೇಡಿ

ಮಂಗಳೂರಿನ ಪಣಂಬೂರು ಬಂದರಿಗೆ ಪ್ರವಾಸಿ ಹಡಗುಗಳು ಬರುವ ಕಾಲ ಶುರುವಾದರೆ ಸಾಕು, ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಟ್ರಾವೆಲ್ಸ್ ಡೆಸ್ಕ್‌ಗಳಿಗೆ ಒಂದೇ ನಮೂನೆಯ ವಿಚಾರಣೆ ಬರುತ್ತದೆ. ಆರೇಳು ಜನ, ಬೆಳಿಗ್ಗೆ ಏಳಕ್ಕೆ ಹಡಗು ಧಕ್ಕೆಗೆ ಬರುತ್ತದೆ, ಸಂಜೆ ಆರಕ್ಕೆ ಹೊರಡುತ್ತದೆ, ನಡುವೆ ಜೋಗ ನೋಡಬೇಕು, ಟಿಟಿ (ಟೆಂಪೋ ಟ್ರಾವೆಲರ್) ಎಷ್ಟಾಗುತ್ತದೆ? ಡೆಸ್ಕ್‌ನವರು ಕಿಲೋಮೀಟರ್ ಗುಣಿಸಿ, ಡ್ರೈವರ್‌ನ ದಿನದ ಬಾಟಾ ಸೇರಿಸಿ ರೇಟ್ ಕಳಿಸಿಬಿಡುತ್ತಾರೆ. ದಯವಿಟ್ಟು ಕಳಿಸಬೇಡಿ. ಪಣಂಬೂರಿನಿಂದ ಜೋಗಕ್ಕೆ ಯಾವ ದಾರಿ ಹಿಡಿದರೂ 200 ಕಿ.ಮೀ. ಆಸುಪಾಸು. ಒಂದು ಕಡೆಗೇ ನಾಲ್ಕೂವರೆಯಿಂದ ಐದು ಗಂಟೆ ಬೇಕು. ಹೋಗಿ ಬರುವಷ್ಟರಲ್ಲಿ ಹಡಗು ಹೊರಟಿರುತ್ತದೆ.

ಹೇಗೋ ಓಡಿಸಿ ಮುಟ್ಟಿಸಿದರೂ ಅಲ್ಲಿ ನೋಡಲು ಏನಿರುತ್ತದೆ? ಹಡಗುಗಳು ಬರುವುದು ಮಳೆಗಾಲ ಮುಗಿದ ಮೇಲೆ, ಬೇಸಿಗೆಯವರೆಗೆ. ಜೋಗ ಮೈದುಂಬಿ ಬೀಳುವುದು ಜುಲೈನಿಂದ ಸೆಪ್ಟೆಂಬರ್‌ವರೆಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಶರಾವತಿಯ ನೀರು ಮೊದಲು ವಿದ್ಯುತ್ತಿಗೆ, ಮಿಕ್ಕಿದ್ದು ಜಲಪಾತಕ್ಕೆ. ಜನವರಿ ಹೊತ್ತಿಗೆ 253 ಮೀಟರ್ ಬಂಡೆಯ ಮೇಲೆ ರಾಜನೂ ರೋರರೂ ನೂಲಿನ ಎಳೆಯಂತೆ ಇಳಿಯುತ್ತಿರುತ್ತವೆ. ಮಳೆಗಾಲದ ಫೋಟೋ ತೋರಿಸಿ ಫೆಬ್ರವರಿಯಲ್ಲಿ ಕರೆದುಕೊಂಡು ಹೋಗುವುದು ಅತಿಥಿಗೆ ಮಾಡುವ ಮೋಸ. ಇಷ್ಟು ಹೇಳಿದರೂ ಓನರ್‌ಗಳು ಪ್ಯಾಕೇಜ್ ಪಟ್ಟಿಯಿಂದ ಜೋಗದ ಹೆಸರು ತೆಗೆಯಲು ಒಪ್ಪುವುದಿಲ್ಲ. 'ಅದೊಂದು ಹೆಸರಿಗೇ ಫೋನ್ ಬರೋದು ಮಾರಾಯ್ರೆ' ಅನ್ನುತ್ತಾರೆ. ಫೋನ್ ಬರಲಿ, ಬಂದ ಮೇಲೆ ಆಗುವುದಿಲ್ಲ ಎಂದು ಹೇಳುವ ಜವಾಬ್ದಾರಿ ಡೆಸ್ಕ್‌ನದು.

ಆಗುಂಬೆಯ ಒಂದು ಟ್ರಿಪ್ ವಿಷಯ ಹೇಳಬೇಕು. ಅದಾದ ಮೇಲೆಯೇ ನಮ್ಮಲ್ಲಿ ಹಡಗಿನ ಪಾರ್ಟಿಗೆ ಬೇರೆ ಟ್ರಿಪ್ ಶೀಟ್ ಬಂದದ್ದು. ಆಲ್ ಅಬೋರ್ಡ್, ಅಂದರೆ ಎಲ್ಲರೂ ಹಡಗು ಹತ್ತಿರಬೇಕಾದ ಗಡುವು, 5:30. ಆಗುಂಬೆಯಿಂದ 1:30ಕ್ಕೆ ಇಳಿಯುವುದು, 4:15ಕ್ಕೆ ಬಂದರಿನ ಗೇಟ್ ಎಂದು ಶೀಟಿನಲ್ಲಿತ್ತು. ಊಟ ತಡವಾಗಿ ಗಾಡಿ ಹೊರಟದ್ದು 1:50ಕ್ಕೆ. ಹೊರಡುವಾಗ ಡ್ರೈವರ್ ಫೋನ್ ಮಾಡಿದರು. ಮುಂದಿನ ಫೋನ್ 2:35ರ ಸುಮಾರಿಗೆ ಹೆಬ್ರಿಯಿಂದ ಬರಬೇಕಿತ್ತು. ಬರಲಿಲ್ಲ. ಘಟ್ಟದಲ್ಲಿ ಸಿಗ್ನಲ್ ಇರುವುದಿಲ್ಲ, ಅದು ಗೊತ್ತಿರುವುದೇ. ಆದರೆ 2:50 ಆಯಿತು, ಮೂರಾಯಿತು, ಮೂರೂ ಕಾಲಾಯಿತು. ಬಂದರಿನ ಏಜೆಂಟರಿಗೆ ಒಂದು ಮಾತು ತಿಳಿಸೋಣವೆಂದರೆ ನಂಬರ್ ಡೆಸ್ಕ್‌ನಲ್ಲಿ ಇಲ್ಲ. ಹಡಗಿನ ಕೋಣೆಗೆ ದಿನವೂ ಕೊಡುವ ಕಾಗದದಲ್ಲಿ ಆ ನಂಬರ್ ಇರುತ್ತದೆ, ಆ ಕಾಗದ ಅತಿಥಿಯ ಚೀಲದಲ್ಲಿ, ಚೀಲ ಘಟ್ಟದ ತಿರುವಿನಲ್ಲಿ. 3:25ಕ್ಕೆ ಫೋನ್ ಬಂತು: 'ಸಾರ್, ಹೆಬ್ರಿಗೆ ಬಂದ್ವಿ. ತಿರುವಲ್ಲಿ ಲಾರಿ ಅಡ್ಡ ನಿಂತಿತ್ತು.'

ಆಗುಂಬೆ ಘಟ್ಟದ ಹದಿನಾಲ್ಕು ತಿರುವುಗಳಲ್ಲಿ ಭಾರಿ ವಾಹನಕ್ಕೆ ಅವಕಾಶವಿಲ್ಲ. ಆದರೂ ಮೊಬೈಲ್ ಮ್ಯಾಪ್ ನಂಬಿಕೊಂಡು ಹೊರಗಿನ ಲಾರಿಗಳು ನುಗ್ಗುತ್ತವೆ. ಒಂದು ಲಾರಿ ತಿರುಗಲಾಗದೆ ನಿಂತರೆ ಎರಡೂ ಕಡೆ ಸಾಲು. ಆ ಡ್ರೈವರ್ ಮೇಲಕ್ಕೆ ವಾಪಸ್ ಹೋಗಿ ಶೃಂಗೇರಿ, ಎಸ್.ಕೆ. ಬಾರ್ಡರ್, ಕಾರ್ಕಳದ ದಾರಿ ಹಿಡಿಯಬಹುದಿತ್ತು. ಅದು ಹತ್ತಿರ ಹತ್ತಿರ 140 ಕಿ.ಮೀ., ಮೂರೂವರೆ ಗಂಟೆಗೂ ಮೇಲೆ. ಲೆಕ್ಕ ಹಾಕಿ, ಲಾರಿ ಜರುಗುತ್ತಿರುವುದನ್ನು ಕಂಡು, ಅಲ್ಲೇ ಕಾದರು. ಹೆಬ್ರಿಯಿಂದ ಉಡುಪಿಗೆ ಹೋಗದೆ ಕಾರ್ಕಳ, ಬೆಳ್ಮಣ್, ಪಡುಬಿದ್ರಿ ಮೇಲೆ ಬಂದರು. ಕಿಲೋಮೀಟರ್ ಎರಡೂ ದಾರಿಗೆ ಸಮ, ಆದರೆ ಮಣಿಪಾಲ–ಉಡುಪಿಯ ಸಂಜೆ ಟ್ರಾಫಿಕ್ ತಪ್ಪಿತು. ಗೇಟ್ ಮುಟ್ಟಿದ್ದು 5:15ಕ್ಕೆ. ಗೇಟಿನಿಂದ ಹಡಗು ಹತ್ತುವ ಗ್ಯಾಂಗ್‌ವೇಗೆ ಮತ್ತೆ ಕೆಲವು ನಿಮಿಷ. ಅತಿಥಿಗಳಲ್ಲಿ ಒಬ್ಬರು ಕೋಲು ಹಿಡಿದು ನಡೆಯುವವರು. ಎಲ್ಲರೂ ಹತ್ತಿದರು, ಅಷ್ಟೇ.

ಇಲ್ಲಿ ಶೀಟಿನ ದೋಷ ಊಟದ ಇಪ್ಪತ್ತು ನಿಮಿಷವಲ್ಲ. ಇಡೀ ವಾಪಸಾತಿ ಒಂದೇ ರಸ್ತೆಯ ಮೇಲೆ ನಿಂತಿತ್ತು, ಆ ರಸ್ತೆ ಕಟ್ಟಿದೆಯೇ ಎಂದು ಇಳಿಯುವ ಮೊದಲು ಕೇಳುವ ಕೆಲಸ ಯಾರಿಗೂ ಹಂಚಿರಲಿಲ್ಲ. ಈಗ ಶೀಟಿನಲ್ಲಿ ಒಂದು ಸಾಲು ಖಾಯಂ ಇದೆ: ಆಗುಂಬೆಯಲ್ಲಿ ನಿಲ್ಲಿಸಿ, ಆಗಷ್ಟೇ ಘಟ್ಟ ಹತ್ತಿ ಬಂದ ಮಿನಿ ಬಸ್ಸಿನ ಡ್ರೈವರ್ ಹತ್ತಿರ ಕೆಳಗಿನ ಪರಿಸ್ಥಿತಿ ಕೇಳುವುದು. ಅವರಿಗಿಂತ ಚೆನ್ನಾಗಿ ಯಾವ ಮ್ಯಾಪೂ ಹೇಳುವುದಿಲ್ಲ. ಶೃಂಗೇರಿ ಕಡೆಗೆ ತಿರುಗುವ ನಿರ್ಧಾರಕ್ಕೂ ಒಂದು ಗಡುವು ಬೇಕು. ಆಲ್ ಅಬೋರ್ಡ್‌ಗೆ ಐದು ಗಂಟೆ ಬಾಕಿ ಇದ್ದಾಗ ಆ ದಾರಿ ಉಪಯೋಗಕ್ಕೆ ಬರುತ್ತದೆ, ನಾಲ್ಕು ಗಂಟೆ ಇದ್ದಾಗ ಅದು ದಾರಿಯೇ ಅಲ್ಲ. ಅಂದರೆ 5:30ರ ಹಡಗಾದರೆ 12:30ಕ್ಕೆ ಒಮ್ಮೆ ಘಟ್ಟದ ಸುದ್ದಿ ತಿಳಿದುಕೊಂಡಿರಬೇಕು, ಊಟಕ್ಕೆ ಕೂರುವ ಮೊದಲೇ.

ಹಡಗಿನ ಟ್ರಿಪ್ಪನ್ನು ಹಿಂದಿನಿಂದ ಮುಂದಕ್ಕೆ ಕಟ್ಟಬೇಕು. ಹಡಗು ಹೊರಡುವ ಸಮಯ ನಮಗೆ ಬೇಕಾಗಿಲ್ಲ, ಆಲ್ ಅಬೋರ್ಡ್ ಬೇಕು. ಸಾಮಾನ್ಯವಾಗಿ ಅದು ಅರ್ಧ ಗಂಟೆ ಮೊದಲು, ಕೆಲವು ಹಡಗುಗಳಲ್ಲಿ ಒಂದು ಗಂಟೆ. ಅದರಿಂದ ಒಂದೂವರೆ ಗಂಟೆ ಹಿಂದಕ್ಕೆ ಗೇಟ್ ಬರೆಯಿರಿ, ಘಟ್ಟ ಇದ್ದರೆ ಎರಡು ಗಂಟೆ. ಬೆಳಿಗ್ಗೆಯದೂ ಹಾಗೆಯೇ. ಏಳಕ್ಕೆ ಹಡಗು ಬಂದರೆ ಏಳಕ್ಕೆ ಜನ ಇಳಿಯುವುದಿಲ್ಲ. ಬಂದರಿನವರ ಕ್ಲಿಯರೆನ್ಸ್ ಆಗಬೇಕು, ಆಮೇಲೆ ಹಡಗಿನ ಸ್ವಂತ ಟೂರಿನವರು ಮೊದಲು ಇಳಿಯುತ್ತಾರೆ. ಭಾರತದಲ್ಲಿ ಇದೇ ಮೊದಲ ಬಂದರಾದರೆ ಎಲ್ಲರೂ ಇಮಿಗ್ರೇಶನ್ ಎದುರು ನಿಲ್ಲಬೇಕು. ಆಗ ಒಂಬತ್ತೂವರೆಗೂ ಗೇಟಿನ ಹೊರಗೆ ಕಾಣದೆ ಹೋಗಬಹುದು. ಹಾಗಾಗಿ ಬುಕಿಂಗ್ ಸಮಯದಲ್ಲೇ ಕೇಳಬೇಕಾದ ಪ್ರಶ್ನೆ: ಹಿಂದಿನ ಬಂದರು ಯಾವುದು? ಕೊಚ್ಚಿ, ಮರ್ಮಗೋವಾ ಅಂದರೆ ನಿರಾಳ. ಮಾಲೆ, ದುಬೈ ಅಂದರೆ ಒಂದು ಗಂಟೆ ಕಳೆದು ಪ್ಲಾನ್ ಮಾಡಿ.

ಹಿಂದಿನ ಬಂದರು ಕೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಎಲ್ಲ ಹಡಗುಗಳೂ ಗಡಿಯಾರವನ್ನು ನಮ್ಮ ಸಮಯಕ್ಕೆ ತಿರುಗಿಸುವುದಿಲ್ಲ. ಮಾಲೆ ನಮಗಿಂತ ಅರ್ಧ ಗಂಟೆ ಹಿಂದೆ, ದುಬೈ ಒಂದೂವರೆ ಗಂಟೆ ಹಿಂದೆ. ಅತಿಥಿ ಎಂಟು ಗಂಟೆ ಅಂದದ್ದು ಹಡಗಿನ ಎಂಟು, ಡ್ರೈವರ್ ನಿಂತದ್ದು ಊರಿನ ಎಂಟಕ್ಕೆ. ಜೊತೆಗೆ ಅತಿಥಿಯ ಮೊಬೈಲ್ ನಮ್ಮ ಟವರ್ ಹಿಡಿದ ಕೂಡಲೇ ತಾನೇ ಸಮಯ ಬದಲಿಸಿಕೊಳ್ಳುತ್ತದೆ, ಕೈಗಡಿಯಾರ ಬದಲಿಸುವುದಿಲ್ಲ. ಗಾಡಿ ಹತ್ತಿದ ಕೂಡಲೇ ಡ್ರೈವರ್ ಮತ್ತು ಅತಿಥಿ ಒಟ್ಟಿಗೆ ಗಡಿಯಾರ ನೋಡಿಕೊಂಡು, ವಾಪಸ್ ಗೇಟ್ ಸಮಯವನ್ನು ಭಾರತೀಯ ಸಮಯದಲ್ಲಿ ಕಾಗದದ ಮೇಲೆ ಬರೆಯಬೇಕು. ಅದೇ ಕಾಗದದಲ್ಲಿ ಹಡಗಿನ ಹೆಸರು, ಬಂದರು ಏಜೆಂಟರ ನಂಬರ್. ಅದರ ಫೋಟೋ ಡೆಸ್ಕ್‌ಗೆ ಬಂದ ಮೇಲೆಯೇ ಗಾಡಿ ಹೊರಡುವುದು.

ಹಡಗಿನವರೇ ಮಾರಿದ ಟೂರ್ ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಅವರೇ ಮುಂದಿನ ಬಂದರಿಗೆ ತಲುಪಿಸುತ್ತಾರೆ. ನಮ್ಮ ಗಾಡಿಯಲ್ಲಿ ಬಂದವರಿಗೆ ಆ ರಕ್ಷಣೆ ಇಲ್ಲ. ಕೊಚ್ಚಿಗೋ ಗೋವಾಕ್ಕೋ ಅವರೇ ದುಡ್ಡು ಹಾಕಿ ಹೋಗಬೇಕು. ಈ ವ್ಯತ್ಯಾಸವನ್ನು ಮುಚ್ಚಿಟ್ಟು ಬುಕಿಂಗ್ ತೆಗೆದುಕೊಳ್ಳುವುದು ಸರಿಯಲ್ಲ. ಪಾಸ್‌ಪೋರ್ಟ್, ಹಡಗಿನ ಕಾರ್ಡ್, ಇಮಿಗ್ರೇಶನ್‌ನವರು ಕೊಟ್ಟ ಚೀಟಿ ಜೊತೆಯಲ್ಲಿದೆಯೇ ಎಂದು ಗೇಟಿನಲ್ಲೇ ಕೇಳಿ. ಗೇಟಿನಲ್ಲಿ ಸಿಐಎಸ್ಎಫ್ ಕಾವಲು ಇದೆ, ಹೊರಗಿನ ಗಾಡಿ ಪಾಸಿಲ್ಲದೆ ಒಳಗೆ ಹೋಗುವುದಿಲ್ಲ. ಪಿಕಪ್ ಗೇಟಿನ ಹೊರಗೆ ಎಂದು ಮೊದಲೇ ಬರೆದು ಕಳಿಸಿ, ಗಾಡಿಯ ಫೋಟೋ ಸಮೇತ. ಮತ್ತೆ ಹಳದಿ ಬೋರ್ಡ್ ಗಾಡಿಯೇ ಆಗಬೇಕು.

ಹಾಗಾದರೆ ಒಂದು ದಿನದಲ್ಲಿ ಮಲೆನಾಡಿನದ್ದು ಏನು ತೋರಿಸಬಹುದು? ಹನ್ನೊಂದು ಗಂಟೆ ನಿಲ್ಲುವ ಹಡಗಾದರೆ ಆಗುಂಬೆ ಅಥವಾ ಶೃಂಗೇರಿ, ಎರಡರಲ್ಲಿ ಒಂದು. ಎರಡೂ ಪಣಂಬೂರಿನಿಂದ 100 ಕಿ.ಮೀ. ಸುಮಾರು, ಒಂದು ಕಡೆಗೆ ಎರಡೂ ಮುಕ್ಕಾಲಿನಿಂದ ಮೂರು ಗಂಟೆ. ಒಂದರಿಂದ ಹತ್ತಿ ಇನ್ನೊಂದರಿಂದ ಇಳಿಯುವ ಸುತ್ತು ಬೇಡ. ಕಾಗದದ ಮೇಲೆ ಚೆಂದ ಕಾಣುತ್ತದೆ, ಗಾಡಿಯಲ್ಲೇ ಏಳು ಗಂಟೆ ಹೋಗುತ್ತದೆ. ಹಡಗು ಒಂಬತ್ತು ಗಂಟೆಗಿಂತ ಕಡಿಮೆ ನಿಲ್ಲುವುದಾದರೆ ಘಟ್ಟವೇ ಬೇಡ. ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿ, ಇಷ್ಟಕ್ಕೆ ನಿಲ್ಲಿಸಿ. ಕಾರ್ಕಳವನ್ನು ಬೆಳಿಗ್ಗೆಯೇ ಮುಗಿಸಿ, ಬರಿಗಾಲಲ್ಲಿ ಹತ್ತುವ ಬಂಡೆ ಹನ್ನೊಂದರ ನಂತರ ಕಾಯುತ್ತದೆ. ವಾಪಸ್ ಬರುವಾಗ ಮಂಗಳೂರಿನ ಮೇಲೆ ಕೂಳೂರು ಸೇತುವೆ ಹಿಡಿಯಬೇಡಿ, ಕಿನ್ನಿಗೋಳಿ–ಮೂಲ್ಕಿ ಮೇಲೆ ಹೆದ್ದಾರಿಗೆ ಬಂದು ಸುರತ್ಕಲ್ ಕಡೆಯಿಂದ ಇಳಿಯಿರಿ.

ಶೃಂಗೇರಿಗೆ ಹೋಗುವವರಿಗೆ ಸಾಂಪ್ರದಾಯಿಕ ಉಡುಪು ಎಂದು ಹಿಂದಿನ ದಿನವೇ ಹೇಳಿ, ಗಾಡಿಯಲ್ಲಿ ಎರಡು ಮೂರು ಪಂಚೆ, ಶಾಲು ಇಟ್ಟಿರಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಒಂದಕ್ಕೆ ಮೊದಲೇ ದರ್ಶನ ಮುಗಿಯಬೇಕು. ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿ ಕಂಬಗಳನ್ನು ವಿವರಿಸುವವರು ಜೊತೆಗಿದ್ದರೆ ಅಲ್ಲಿ ಕಳೆದ ಹೊತ್ತು ಸಾರ್ಥಕ. ಆಗುಂಬೆಯ ಸೂರ್ಯಾಸ್ತವನ್ನು ಮಾತ್ರ ಯಾರಿಗೂ ಆಸೆ ತೋರಿಸಬೇಡಿ. ಸೂರ್ಯ ಮುಳುಗುವ ಹೊತ್ತಿಗೆ ಅತಿಥಿ ಹಡಗಿನಲ್ಲಿರಬೇಕು.

ಆಗುಂಬೆಯಲ್ಲಿ ನಿಜವಾಗಿ ತೋರಿಸಬೇಕಾದ್ದು ಅಡಿಕೆ ಕೊಯ್ಲು. ಹಡಗಿನ ಸೀಸನ್ನೂ ಅಡಿಕೆ ಕೊನೆಯ (ಗೊನೆಯ) ಕೊಯ್ಲೂ ಒಂದೇ ಕಾಲಕ್ಕೆ ಬರುತ್ತವೆ, ಇದನ್ನು ನಮ್ಮ ಡೆಸ್ಕ್‌ಗಳು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ. ಕೊನೆಗೌಡರು ಮರ ಹತ್ತಿ ಒಂದು ಮರದಿಂದ ಇನ್ನೊಂದಕ್ಕೆ ದಾಟುವುದು, ಕೆಳಗೆ ಕೊನೆ ಹಿಡಿಯುವವರು, ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವ ಹೆಂಗಸರು, ಹಂಡೆಯಲ್ಲಿ ಅಡಿಕೆಗೆ ಬಣ್ಣ ಕೊಡುವ ಚೊಗರು ಕುದಿಯುವುದು, ಅಟ್ಟದ ಮೇಲೆ ಕೆಂಪಗೆ ಹರಡಿದ ಅಡಿಕೆ. ಇದನ್ನು ನೋಡುತ್ತ ನಿಂತವರನ್ನು ಗಾಡಿಗೆ ಹತ್ತಿಸುವುದೇ ಕಷ್ಟವಾಗುತ್ತದೆ. ನವೆಂಬರ್, ಡಿಸೆಂಬರ್ ಉತ್ತಮ. ಜನವರಿ ಕಳೆದರೆ ಕೊಯ್ಲು ಮುಗಿಯುತ್ತ ಬರುತ್ತದೆ. ತೋಟದವರಿಗೆ ಎರಡು ದಿನ ಮೊದಲು ಹೇಳಿ, ಅವತ್ತು ಕೊಯ್ಲೋ ಸುಲಿತವೋ ಕೇಳಿಕೊಳ್ಳಿ. ಸುಲಿತ ಸಂಜೆ, ರಾತ್ರಿ ಮಾಡುವ ಮನೆಗಳೇ ಹೆಚ್ಚು, ಹಾಗಾಗಿ ಹಗಲು ಸುಲಿಯುವ ಮನೆ ಹುಡುಕಬೇಕು. ಎಂಟು ಜನರಿಗಿಂತ ಹೆಚ್ಚು ಒಂದು ಅಂಗಳಕ್ಕೆ ಬೇಡ. ಊಟ ಅಲ್ಲೇ ಆದರೆ ಒಳ್ಳೆಯದು. ಅಕ್ಕಿ ರೊಟ್ಟಿ, ಕಡುಬು, ಖಾರ ಕಡಿಮೆ ಎಂದು ಮೊದಲೇ ಹೇಳಿ, ಅತಿಥಿ ಬಂದ ಮೇಲೆ ಒಲೆ ಹಚ್ಚಿದರೆ ಮತ್ತೆ ಅದೇ ಇಪ್ಪತ್ತು ನಿಮಿಷ ಹೋಗುತ್ತದೆ. ದೊಡ್ಡ ಬಸ್ಸು ಘಟ್ಟ ಹತ್ತುವಂತಿಲ್ಲದ್ದರಿಂದ ಹಡಗಿನ ಸ್ವಂತ ಟೂರ್ ಇಲ್ಲಿಗೆ ಬರುವುದು ಕಷ್ಟ. ಇನ್ನೋವಾ, ಟಿಟಿ ಇಟ್ಟುಕೊಂಡವರ ಬಲ ಇರುವುದು ಇಲ್ಲೇ.

ತೋಟದಿಂದ ಕಾಡಿನೊಳಗೆ ಕರೆದೊಯ್ಯಬೇಡಿ. ಹಡಗು ಬರುವ ಇದೇ ತಿಂಗಳುಗಳಲ್ಲಿ ಮಂಗನ ಕಾಯಿಲೆಯ ಉಣುಗು ಹೆಚ್ಚು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಾದ ಕಾಯಿಲೆ ಈಗಲೂ ಡಿಸೆಂಬರ್‌ನಿಂದ ಮೇವರೆಗೆ ನಮ್ಮ ಜಿಲ್ಲೆಯನ್ನು ಕಾಡುತ್ತದೆ. ಮಂಗ ಸತ್ತ ಸುದ್ದಿ ಇರುವ ಊರಿನ ತೋಟವನ್ನು ಆ ವರ್ಷ ಬಿಟ್ಟುಬಿಡಿ. ಉಳಿದ ಕಡೆಯೂ ಉದ್ದ ತೋಳು, ಉದ್ದ ಪ್ಯಾಂಟು, ಕೈಕಾಲಿಗೆ ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ. ಜಿಲ್ಲೆಯ ಹೆಸರು ಕೆಡುತ್ತದೆ ಎಂದು ಇದನ್ನು ಹೇಳದೆ ಬಿಡುವವರಿದ್ದಾರೆ. ಅತಿಥಿ ಕೆಲವು ದಿನಗಳ ಮೇಲೆ ನಡು ಸಮುದ್ರದಲ್ಲಿ ಜ್ವರ ಬಂದು ಮಲಗಿದರೆ ಅಲ್ಲಿನ ವೈದ್ಯರಿಗೆ ಏನೆಂದು ಹೊಳೆಯುವುದಿಲ್ಲ. ಹೇಳಲೇಬೇಕು.

ಕೊಳ್ಳುವ ವಿಷಯದಲ್ಲಿ ಡ್ರೈವರ್‌ಗಳಿಗೆ ತಿಳಿದಿರಬೇಕಾದ್ದು: ಹಣ್ಣು, ಬೇಯಿಸಿದ ತಿಂಡಿ ಹಡಗಿಗೆ ಹತ್ತಿಸುವುದಿಲ್ಲ. ಸೀಲ್ ಮಾಡಿದ ಕಾಫಿ ಪುಡಿ, ಮೆಣಸು, ಏಲಕ್ಕಿ ತೊಂದರೆಯಿಲ್ಲ. ಅಡಿಕೆ ಕತ್ತಿ ಚೆಂದವೆಂದು ಕೊಂಡವರದ್ದು ಹಡಗಿನ ಸೆಕ್ಯುರಿಟಿಯಲ್ಲಿ ಹೋಗುತ್ತದೆ. ಗುಡಿಗಾರರ ಶ್ರೀಗಂಧದ ಕೆತ್ತನೆಗೆ ಬಿಲ್ ಬೇಕೇ ಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು ಮರದ ಸಾಮಾನು, ಬೀಜಗಳನ್ನು ತಮ್ಮ ದೇಶದಲ್ಲಿ ಘೋಷಿಸಬೇಕಾಗುತ್ತದೆ.

ಡ್ರೈವರ್ ವಿಷಯದಲ್ಲಿ ಜಿಪುಣತನ ಬೇಡ. ಗಾಡಿ ಹಿಂದಿನ ಸಂಜೆಯೇ ಶಿವಮೊಗ್ಗ ಬಿಟ್ಟು ಸುರತ್ಕಲ್ ಸುತ್ತಮುತ್ತ ಹಾಲ್ಟ್ ಆಗಬೇಕು, ಮಲಗಲು ರೂಮ್ ಕೊಡಬೇಕು. ಬಾಟಾ ಉಳಿಸಲು ಬೆಳಗಿನ ಜಾವ ಮೂರಕ್ಕೆ ಹೊರಡಿಸಿದರೆ ಅದೇ ಮನುಷ್ಯ ಅದೇ ದಿನ ಘಟ್ಟವನ್ನು ಮೂರು ಸಲ ದಾಟಿ, ರಾತ್ರಿ ನಾಲ್ಕನೆಯ ಸಲ ಹತ್ತಿ ಮನೆಗೆ ಬರಬೇಕಾಗುತ್ತದೆ. ರೇಟಿನಲ್ಲಿ ಖಾಲಿ ಓಡಾಟ, ಹಾಲ್ಟ್, ಹೆಜಮಾಡಿ ಟೋಲ್ ಎಲ್ಲ ಸೇರಿಸಿ ಒಂದೇ ಮೊತ್ತ ಹೇಳಿ. ಬಹುತೇಕ ವಿದೇಶಿಯರ ಹತ್ತಿರ ಯುಪಿಐ ಇರುವುದಿಲ್ಲ. ದಾರಿಯಲ್ಲಿ ಎಟಿಎಂ ಹುಡುಕುತ್ತ ನಿಲ್ಲುವುದೂ ಸಮಯವೇ.

ಜೋಗ ನೋಡಲೇಬೇಕು ಎಂದು ಹಟ ಹಿಡಿಯುವವರಿಗೆ ಒಂದು ದಾರಿ ಇದೆ. ಮುಂದಿನ ಬಂದರು ಮರ್ಮಗೋವಾ ಆಗಿದ್ದು, ಹಡಗು ಅಲ್ಲಿ ರಾತ್ರಿ ತಂಗುವುದಿದ್ದರೆ ಅಥವಾ ನಡುವೆ ಒಂದು ದಿನ ಸಮುದ್ರದಲ್ಲಿ ಕಳೆಯುವುದಿದ್ದರೆ, ಪಣಂಬೂರಿನಲ್ಲಿ ಇಳಿದು ಗೋವಾದಲ್ಲಿ ಹತ್ತಬಹುದು. ಮೊದಲ ದಿನ ಕೊಲ್ಲೂರಿನ ಮೇಲೆ ಬಂದು ಸಾಗರದಲ್ಲಿ ಹಾಲ್ಟ್. 2025ರ ಜುಲೈಯಲ್ಲಿ ಈ ದಾರಿಯ ಹಿನ್ನೀರಿಗೆ ಸಿಗಂದೂರು ಸೇತುವೆ ಆದಮೇಲೆ ಲಾಂಚ್ ಕಾಯುವ ತಾಪತ್ರಯ ಇಲ್ಲ. ಎರಡನೆಯ ದಿನ ಬೆಳಿಗ್ಗೆ ಜೋಗ, ಆಮೇಲೆ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ, ಕಾರವಾರ, ಗೋವಾ. ಜೋಗದಿಂದ ಐದೂವರೆ ಆರು ಗಂಟೆ ಹಿಡಿಯಿರಿ. ಮರುದಿನ ಸಂಜೆಯೇ ಗೋವಾ ಬಿಡುವ ಹಡಗಾದರೆ ಇದೂ ಬೇಡ. ಹೀಗೆ ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತುವುದಕ್ಕೆ ಹಡಗಿನ ಕಂಪನಿಯ ಒಪ್ಪಿಗೆ ಪ್ರಯಾಣಕ್ಕೆ ಬಹಳ ಮೊದಲೇ ಬರಹದಲ್ಲಿ ಬೇಕು. ಆ ಪತ್ರದ ಪ್ರತಿ ಡೆಸ್ಕ್‌ಗೆ ಬರುವವರೆಗೆ ಅಡ್ವಾನ್ಸ್ ತೆಗೆದುಕೊಳ್ಳಬೇಡಿ.