ಇಲ್ಲ, ಕಾದಂಬರಿ ಬರೀತಿಲ್ಲ

"ಆಡಿ ಮುಗಿಸಿದ ಆಟಾನ ಮತ್ತೆ ಕೂತು ಬರೀತೀರಲ್ಲ, ಕಾದಂಬರಿ ಗೀದಂಬರಿ ಮಾಡ್ತೀರಾ?" ನಾನು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ನಡೆಸುತ್ತೇನೆ, ಪ್ರತಿ ಸೆಷನ್ನನ್ನೂ, ಅಂದರೆ ಒಂದೊಂದು ಸಲ ಕೂತು ಆಡಿದ್ದನ್ನೂ, ಬರೆದಿಡುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವುದು ಇದನ್ನೇ. ಮೇಜಿನ ಸುತ್ತ ಕೂತು ಆಟಗಾರರು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸುತ್ತ, ಮಾತಿನಲ್ಲೇ ಕಥೆ ಕಟ್ಟುವ ಆಟ ಅದು; ಅವರ ಸುತ್ತಲಿನ ಲೋಕವನ್ನು ನಡೆಸುವವಳು ನಾನು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ಇಲ್ಲ ಸ್ವಾಮಿ. ಬೇರೆಯವರು ಮಾಡಿದ್ದಾರೆ, ನಿಜ. ಜಪಾನಿನ ಕಾಂಪ್ಟಿಕ್ ಪತ್ರಿಕೆ 1986ರಲ್ಲಿ ಈ ಬಗೆಯ ಆಟಗಳಲ್ಲೇ ಹೆಸರಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿದ ಒಂದು ತಂಡದ ಮಾತುಕತೆಯನ್ನೇ ಧಾರಾವಾಹಿಯಾಗಿ ಅಚ್ಚು ಹಾಕಿತು. ಅದು ಬೆಳೆದು ‘ರೆಕಾರ್ಡ್ ಆಫ್ ಲೋಡಾಸ್ ವಾರ್’ ಕಾದಂಬರಿಗಳಾಯಿತು. ಅಂಥ ಬರಹವನ್ನು ಅಲ್ಲಿ ‘ರಿಪ್ಲೇ’ ಅನ್ನುತ್ತಾರೆ. ನನ್ನ ನೋಟ್‌ಬುಕ್ಕಿನಲ್ಲಿ ಇರುವುದು ಇಷ್ಟು: "ದೋಣಿಯವನಿಗೆ ಬೆಳ್ಳಿ ನಾಣ್ಯ ಬಾಕಿ. ಹಿಂಬಾಗಿಲ ಕೀಲಿ ಮಾಂತ್ರಿಕನ ಹತ್ತಿರ. ಸೇತುವೆ ಸುಟ್ಟದ್ದು ನಾವೇ, ಊರಿಗೆ ಇನ್ನೂ ಗೊತ್ತಿಲ್ಲ." ಯಾವ ಪ್ರಕಾಶಕ ಮುಂದೆ ಬರುತ್ತಾನೋ ಕಳಿಸಿಕೊಡಿ.

"ಅದೆಲ್ಲ ನೆನಪಿರಲ್ವಾ?" ಅನ್ನುವವರ ಮೇಲೆ ಇನ್ನೂ ಸಿಟ್ಟು. ಚೆಸ್‌ನಲ್ಲಿ ಕಾಯಿ ಇಟ್ಟಲ್ಲೇ ಇರುತ್ತದೆ. ನಮ್ಮ ಆಟದ ಊರು, ರಾಜ, ಸಾಲ ಎಲ್ಲವೂ ಬರೀ ಬಾಯಿಮಾತು. ನಾನು ಆ ಕ್ಷಣಕ್ಕೆ ತೋಚಿದ ಹೆಸರಿಟ್ಟ ದೋಣಿಯವನನ್ನು ಆಟಗಾರರು ತಿಂಗಳುಗಳ ನಂತರ ಹುಡುಕಿಕೊಂಡು ಬರುತ್ತಾರೆ. ನೆನಪು ಎಲ್ಲರಿಗೂ ಇರುತ್ತದೆ, ಆದರೆ ಪ್ರತಿಯೊಬ್ಬರ ನೆನಪಿನಲ್ಲೂ ಅವರವರ ಪಾತ್ರವೇ ಸಾಚಾ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹುಟ್ಟುಹಾಕಿದವರಲ್ಲೊಬ್ಬನಾದ ಗ್ಯಾರಿ ಗೈಗ್ಯಾಕ್ಸ್, ಆಟ ನಡೆಸುವವರಿಗೆಂದೇ ಬರೆದ 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ನಲ್ಲಿ, ಕಾಲದ ಲೆಕ್ಕ ಕಟ್ಟುನಿಟ್ಟಾಗಿ ಇಡದಿದ್ದರೆ ಕ್ಯಾಂಪೇನಿಗೆ (ಸೆಷನ್ನಿನಿಂದ ಸೆಷನ್ನಿಗೆ ಮುಂದುವರಿಯುವ ಒಂದೇ ಕಥೆಗೆ) ಅರ್ಥವೇ ಇಲ್ಲ ಅಂತ ಇಡೀ ವಾಕ್ಯವನ್ನು ದೊಡ್ಡಕ್ಷರದಲ್ಲೇ ಬರೆದ. ಒಂದೇ ಲೋಕದಲ್ಲಿ ಎರಡು ತಂಡ ಬೇರೆ ಬೇರೆ ದಿನ ಆಡಿದರೆ ಗುಹೆಯ ಪೆಟ್ಟಿಗೆಯನ್ನು ಮೊದಲು ಖಾಲಿ ಮಾಡಿದವರು ಯಾರು? ತಾರೀಖು ಇಲ್ಲದಿದ್ದರೆ ಜಗಳವೇ ಗತಿ. ನನ್ನದು ಒಂದೇ ತಂಡ, ಅಷ್ಟು ಕಿರುಚಬೇಕಾಗಿಲ್ಲ.

ಇದರ ಬದಲು "ಬರೆಯುವವರು ಯಾರು?" ಅಂತ ಕೇಳಿದ್ದರೆ ಖುಷಿಯಿಂದ ಗಂಟೆಗಟ್ಟಲೆ ಹೇಳುತ್ತಿದ್ದೆ.

ನನ್ನ ನೋಟ್‌ಬುಕ್ ನನಗೆ ಮಾತ್ರ, ಅದರಲ್ಲಿ ಗುಟ್ಟುಗಳಿವೆ. ಎಲ್ಲರೂ ಓದುವ ದಿನಚರಿಯನ್ನು ಆಟಗಾರರಲ್ಲೊಬ್ಬರು ಬರೆಯಬೇಕು. ಒಂದು ಕ್ಯಾಂಪೇನಿನಲ್ಲಿ ಅದನ್ನು ಒಬ್ಬ ತಾನಾಗಿ ವಹಿಸಿಕೊಂಡ. ಅವನ ಪಾತ್ರ ಕಳ್ಳ. ಅಕ್ಷರ ಮುದ್ದಾಗಿ, ಹೆಸರುಗಳು ಸರಿಯಾಗಿ, ಚಕಮಕಿಗಳು ಎರಡೇ ಸಾಲಿನಲ್ಲಿ. (ಯಾರ ಡೈಸ್ ಎಷ್ಟು ಬಿತ್ತು ಅಂತ ಬರೆಯುವವರಿಗೆ ನನ್ನ ಮೇಜಿನಲ್ಲಿ ಪೆನ್ನು ಸಿಗುವುದಿಲ್ಲ.) ತಂಡದ ಹಣದ ಲೆಕ್ಕವೂ ಅವನದೇ. ಪ್ರತಿ ಸೆಷನ್ನಿನಲ್ಲಿ ನನಗೊಂದು ಚೀಟಿ ದಾಟಿಸಿ ತಂಡದ ಚೀಲದಿಂದ ಒಂದಿಷ್ಟು ಚಿನ್ನ ಎತ್ತುತ್ತಿದ್ದ. ದಿನಚರಿಯಲ್ಲಿ ಆ ಚಿನ್ನ ಹುಟ್ಟಿಯೇ ಇರಲಿಲ್ಲ. ಉಳಿದವರು ಪ್ರತಿ ಸಲ ಅವನ ಪುಟ ಓದಿ, ಅದನ್ನೇ ನಂಬಿ ಆಡಿದರು. ನಾನು ಆಟ ನಡೆಸುವವಳು, ತುಟಿ ಬಿಚ್ಚುವಂತಿಲ್ಲ.

ಕೊನೆಗೆ ಕುದುರೆ ಕೊಳ್ಳಲು ಹೋದಾಗ ಚೀಲ ಹಗುರವಾಗಿತ್ತು. ಪುರೋಹಿತೆಯ ಪಾತ್ರ ಮಾಡುವಾಕೆ ದಿನಚರಿಯನ್ನು ಮೊದಲಿನಿಂದ ತಿರುವಿ, ಲೂಟಿ ಸಿಕ್ಕ ರಾತ್ರಿಗಳಲ್ಲೆಲ್ಲ ಹವಾಮಾನದ ವರ್ಣನೆ ಯಾಕಿಷ್ಟು ಉದ್ದ ಅಂತ ಕೇಳಿದಳು.

ಅವನ ಪುಟಗಳನ್ನು ನಾವು ತಿದ್ದಲಿಲ್ಲ, ಹರಿಯಲೂ ಇಲ್ಲ. ಆಕೆ ಅಂಚಿನಲ್ಲಿ ಕೆಂಪು ಶಾಯಿಯಿಂದ ಬಾಕಿ ಬರೆದಿದ್ದಾಳೆ, ಬಡ್ಡಿ ಸಮೇತ. ಪೆನ್ನು ಈಗ ಸರದಿಯ ಮೇಲೆ. ಕಳ್ಳನ ಸರದಿ ಬಂದಾಗ ಎಲ್ಲರೂ ಮೊದಲು ಹವಾಮಾನದ ಸಾಲುಗಳನ್ನೇ ಓದುತ್ತಾರೆ.