ಸೋಮಾರಿಯ ದೃಶ್ಯವನ್ನು ಎಲ್ಲಿ ಕತ್ತರಿಸಬೇಕು?

ಕಿರುಚಿತ್ರಗಳ ಸಂಕಲನ ನನ್ನ ಕೆಲಸ. ಹೊಸಬರ ಚಿತ್ರಗಳಲ್ಲಿ ಸುಮ್ಮನೆ ಮಲಗಿರುವ, ಗೋಡೆ ನೋಡುತ್ತ ಕುಳಿತಿರುವ ನಾಯಕರು ಬಹಳ. ಅಂಥ ದೃಶ್ಯ ಬಂದಾಗ ನಿರ್ದೇಶಕರು ಒಂದೋ ‘ಚಿಕ್ಕದು ಮಾಡಿ, ಜನ ಎದ್ದು ಹೋಗುತ್ತಾರೆ’ ಎನ್ನುತ್ತಾರೆ, ಇಲ್ಲವೇ ‘ಹಾಗೇ ಬಿಡಿ, ಕಲಾತ್ಮಕವಾಗಿರಲಿ’ ಎನ್ನುತ್ತಾರೆ. ಎರಡೂ ಬರೀ ಉದ್ದದ ಲೆಕ್ಕ. ಅದಕ್ಕಿಂತ ಮುಖ್ಯವಾದದ್ದನ್ನು ನನಗೆ ತೋರಿಸಿಕೊಟ್ಟವರು ಬೆಲ್ಜಿಯಂನ ನಿರ್ದೇಶಕಿ ಶಾಂತಾಲ್ ಅಕರ್ಮನ್.

ಕ್ರೈಸ್ತರು ಹೇಳುವ ಏಳು ಮಹಾಪಾಪಗಳ ಮೇಲೆ ಏಳು ನಿರ್ದೇಶಕಿಯರು ಒಂದೊಂದು ಕಿರುಚಿತ್ರ ಮಾಡಿದ ಚಿತ್ರಗುಚ್ಛವೊಂದಿದೆ, 1986ರದ್ದು. ಅಕರ್ಮನ್ ಅವರದು ಸೋಮಾರಿತನ. ತೆರೆಯ ಮೇಲೆ ಅವರೇ ಹಾಸಿಗೆಯಲ್ಲಿದ್ದಾರೆ. ಸೋಮಾರಿತನದ ಮೇಲೆ ಚಿತ್ರ ಮಾಡಬೇಕು, ಅದಕ್ಕೆ ಮೊದಲು ಏಳಬೇಕು, ಏಳಲು ಮನಸ್ಸಿಲ್ಲ. ಅದೇ ಮನೆಯಲ್ಲಿ ಸಂಗೀತಗಾರ್ತಿ ಸೋನಿಯಾ ವೀಡರ್-ಆಥರ್ಟನ್ ಚೆಲ್ಲೋ ಎಂಬ ತಂತಿವಾದ್ಯ ನುಡಿಸುತ್ತಿದ್ದಾರೆ. ಒಬ್ಬರು ದುಡಿಯುತ್ತಿರುವುದರಿಂದಲೇ ಇನ್ನೊಬ್ಬರ ಆಲಸ್ಯ ನಮಗೆ ತಟ್ಟುತ್ತದೆ. 1975ರಲ್ಲಿ, 201 ನಿಮಿಷಗಳ ಚಿತ್ರದಲ್ಲಿ, ಗೃಹಿಣಿಯೊಬ್ಬಳು ಆಲೂಗಡ್ಡೆ ಸುಲಿಯುವುದನ್ನೂ ಅವಸರವಿಲ್ಲದೆ ತೋರಿಸಿದವರು ಇವರು. ಕೆಲಸದ ಭಾರ ಬಲ್ಲವರಿಗೇ ಆಲಸ್ಯವೂ ಅರ್ಥವಾಗುತ್ತದೆ ಎಂದು ನನ್ನ ನಂಬಿಕೆ.

1962ರಲ್ಲಿ ಫ್ರೆಂಚ್ ಚಿತ್ರಗಳ ನಿರ್ದೇಶಕ ಗೊದಾರ್ ಇದೇ ವಿಷಯದ ಮೇಲೆ ಮಾಡಿದ ಕಿರುಚಿತ್ರದಲ್ಲಿ ನಟ ಎಡ್ಡಿ ಕಾನ್‌ಸ್ಟಂಟೈನ್‌ಗೆ ಬಿಚ್ಚಿದ ಶೂ ಲೇಸ್ ಕಟ್ಟಿಕೊಳ್ಳಲೂ ಬೇಸರ. ಅಲ್ಲಿಯೂ ಮಾಡದೆ ಉಳಿದ ಕೆಲಸವೊಂದು ಕಣ್ಣೆದುರಿಗಿದೆ.

ಈ ಪಾಠ ನನಗೆ ಒದಗಿ ಬಂದದ್ದು, ಜಗಲಿಯ ಮೇಲೆ ಮಲಗಿದ ಹುಡುಗನ ದೃಶ್ಯವೊಂದನ್ನು ಸಂಕಲಿಸುವಾಗ. ಹಿನ್ನೆಲೆ ಸಂಗೀತ ಹಾಕಿದರೆ ಅವನು ವಿರಹಿಯಂತೆ ಕಾಣುತ್ತಿದ್ದ. ಸಂಗೀತ ತೆಗೆದರೆ ಕಾಯಿಲೆಯವನಂತೆ. ಧ್ವನಿಮುದ್ರಿಕೆಯನ್ನು ಹುಡುಕುತ್ತ ಹೋದಾಗ, ಚಿತ್ರೀಕರಣದ ಮನೆಯ ಹೆಂಗಸು ಅಂಗಳ ಗುಡಿಸುತ್ತಿದ್ದ ಸದ್ದು ಸಿಕ್ಕಿತು. ಕಡ್ಡಿಪೊರಕೆಯ ಬರಬರ ಸದ್ದು ಹತ್ತಿರ ಬರುತ್ತದೆ, ಜಗಲಿಯ ಬಳಿ ನಿಲ್ಲುತ್ತದೆ, ಹುಡುಗ ಕಾಲು ಮಡಚಿಕೊಳ್ಳುತ್ತಾನೆ, ಪೊರಕೆ ಮತ್ತೆ ಮುಂದೆ ಹೋಗುತ್ತದೆ. ಆ ಕಾಲು ಮಡಚುವ ಕ್ಷಣ ಮೊದಲೂ ಇತ್ತು, ಅರ್ಥವಿರಲಿಲ್ಲ. ಸದ್ದನ್ನು ಅಲ್ಲಿಗೆ ಕೂಡಿಸಿದ ಮೇಲೆ ದೃಶ್ಯವನ್ನು ಒಂದು ಫ್ರೇಮೂ ಕಡಿಮೆ ಮಾಡಬೇಕಾಗಲಿಲ್ಲ. ನಿರ್ದೇಶಕಿಯೂ ಉದ್ದದ ಮಾತೆತ್ತಲಿಲ್ಲ.

ಈಗ ಇಂಥ ಚಿತ್ರ ಒಪ್ಪಿಕೊಳ್ಳುವಾಗ ಧ್ವನಿ ಹಿಡಿಯುವವರಿಗೆ ಮೊದಲೇ ಹೇಳಿರುತ್ತೇನೆ: ನಟ ಮಲಗಿದ್ದಾನೆಂದು ಮೈಕ್ ಮಡಚಿಡಬೇಡಿ. ಆ ಮನೆಯಲ್ಲಿ ಪಾತ್ರೆ ತೊಳೆಯುವವರು, ನೀರು ಸೇದುವವರು, ಗುಡಿಸುವವರು ಯಾರಿದ್ದಾರೋ ಅವರ ಸದ್ದನ್ನು ಅವರ ಒಪ್ಪಿಗೆ ಪಡೆದು ಬೇರೆಯಾಗಿ ಹಿಡಿದು ತನ್ನಿ.